ಹಸಿರು

ಬುಧವಾರ. ಮಾವಿನ ಕೊಂಬೆಗೆ ತಕ್ಕಡಿ ಕಟ್ಟಿದ್ದೇನೆ.
ಗಡಿಯಾರದಂಥ ಮುಖ, ಅದರ ಕೆಳಗೊಂದು ನೀಲಿ ಚಡ್ಡಿ.
ಮಕ್ಕಳು ಒಬ್ಬೊಬ್ಬರಾಗಿ ಅದರಲ್ಲಿ ಕಾಲಿಳಿಬಿಟ್ಟು
ತೂಗುತ್ತಾರೆ, ಚೀರುತ್ತಾರೆ.
ಮುಳ್ಳು ನಡುಗಿ ನಿಲ್ಲುವ ತನಕ
ತಾಯಂದಿರು ಉಸಿರು ಬಿಡುವುದಿಲ್ಲ.

ಮಲಾವಿಯ ಈ ಸರೋವರದ ದಂಡೆಗೆ
ಒಣಹಾಕಿದ ಉಸಿಪಾ ಮೀನಿನ ವಾಸನೆ,
ಹನ್ನೊಂದು ವರ್ಷದಿಂದ ನನ್ನ ಅಂಗಿಗೂ ಅದೇ.
ಕೆಲಸ ಸುಲಭದ್ದು. ತೋಳಿಗೆ ಪಟ್ಟಿ ಸುತ್ತು, ಬಣ್ಣ ಓದು.
ಕೆಂಪಾದರೆ ಚೀಟಿ, ನೆಲಗಡಲೆ ಲೇಹದ ಪೊಟ್ಟಣ.
ಹಳದಿಯಾದರೆ ಎರಡು ಬುದ್ಧಿಮಾತು.
ಹಸಿರಾದರೆ
ಹೋಗಿ ಬಾ ತಾಯಿ, ಯಾರಲ್ಲಿ ಮುಂದಿನವರು?

ಎನಿಫಾ ಮೂರು ಸಲ ಬಂದಳು.
ಬೆನ್ನಿನ ಬಟ್ಟೆಯೊಳಗೆ ನಾಲ್ಕು ವರ್ಷದ ಯಾಂಕೋ,
ಕೈ ಹಿಡಿದು ಎರಡು ವರ್ಷದ ತಿಯಾಮಿಕೆ.
ಯಾಂಕೋ ಅಂದರೆ ನಮ್ಮ ಮಾತಿನಲ್ಲಿ ಉತ್ತರ.
ಅವನ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು,
ನೀಲಿ ಚಡ್ಡಿಗೆ ಇಳಿಯಲೇ ಇಲ್ಲ.
ಹಲಗೆಯ ಮೇಲೆ ಮಲಗಿಸಿ ಮಂಡಿ ಒತ್ತಿದೆ,
ಮಂಡಿ ಒಪ್ಪಲಿಲ್ಲ.
ತೂಕದ ಮನೆಯಲ್ಲಿ ಒಂದು ಅಡ್ಡಗೆರೆ,
ಎತ್ತರದ ಮನೆಯಲ್ಲಿ ಇನ್ನೊಂದು.
ತೋಳು ಮಾತ್ರ ಹಸಿರು.
ತಂಗಿಗೂ ಹಸಿರು, ಅಣ್ಣನಿಗೂ ಹಸಿರು,
ಮೂರು ಸಲವೂ ನಾನೇ ಬರೆದೆ: ಚೆನ್ನಾಗಿದ್ದಾನೆ.

ಒಂದು ಸಂಜೆ ದಂಡೆಯಲ್ಲಿ ಸೈಕಲ್ ತಳ್ಳಿಕೊಂಡು ಬರುವಾಗ
ಮರಳಿನ ಮೇಲೆ ಉದ್ದಕ್ಕೆ ಎಳೆದ ಗುರುತು ಕಂಡಿತು,
ಯಾರೋ ಮೂಟೆ ಎಳೆದುಕೊಂಡು ಹೋದಂತೆ.
ಗುರುತಿನ ತುದಿಯಲ್ಲಿ ಯಾಂಕೋ.
ದೋಣಿಯ ಕಡೆ ಓಡಿದ ತಂಗಿಯ ಹಿಂದೆ
ಎರಡೂ ಅಂಗೈ ಊರಿ, ಊರಿ, ಊರಿ
ಹಿಂದಿನ ಅರ್ಧ ಮೈಯನ್ನು ತಾನೇ ಹೊತ್ತು ಸಾಗುತ್ತಿದ್ದ.
ಹುಟ್ಟು ಹಾಕುವವರ ತೋಳು ಅದು.
ತೊಡೆ? ನನ್ನ ಮಣಿಕಟ್ಟಿನಷ್ಟು.

ಅವನ ದುಡಿಮೆಯನ್ನು ನಾನು
ಊಟವೆಂದು ಓದಿದ್ದೆ.

ಮಾರನೆಯ ದಿನ ನಿಲ್ಲುವ ತಕ್ಕಡಿ ಹೊತ್ತು ಅವರ ಮನೆಗೇ ಹೋದೆ.
ಅವನನ್ನೆತ್ತಿಕೊಂಡ ಎನಿಫಾಳ ತೂಕ, ಇಳಿಸಿದ ಎನಿಫಾಳ ತೂಕ,
ಕಳೆದರೆ ಒಂಬತ್ತು ಕಿಲೋ, ನಾನೂರು ಗ್ರಾಂ.
ತಂಗಿ ಹನ್ನೊಂದು.
ನೀಳವಾಗದ ಮೈಯನ್ನು ತುಂಡು ತುಂಡಾಗಿ ಅಳೆದೆ:
ಮಂಡಿಯಿಂದ ಹಿಮ್ಮಡಿ, ಮೊಣಕೈಯಿಂದ ಮಣಿಕಟ್ಟು.
ಮೊಳ ಗೇಣುಗಳಲ್ಲಿ ಲೋಕ ಅಳೆದ ಅಜ್ಜಿಯರು
ನಗುತ್ತಿದ್ದರೇನೋ, ಇಷ್ಟು ತಡವೇ ಎಂದು.

ಆಮೇಲೆ ಗಂಜಿ. ನಾನು ಸುಮ್ಮನೆ ಕೂತು ನೋಡಿದೆ.
ಒಂದು ಚಮಚ ಒಳಗೆ, ನಾಲಿಗೆ ಅರ್ಧವನ್ನು ಹೊರಗೆ ತಳ್ಳಿತು,
ಬೆರಳಲ್ಲಿ ಒರೆಸಿ ಮತ್ತೆ ಬಾಯಿಗೆ,
ಕೆಮ್ಮು, ಕಾಯುವುದು, ಕತ್ತು ಸರಿಮಾಡುವುದು, ಮತ್ತೆ.
ತಿಯಾಮಿಕೆ ತಟ್ಟೆ ನೆಕ್ಕಿ, ಎದ್ದು, ಆಡಿ, ಜಗಳಾಡಿ
ಮರಳಿ ಬಂದರೂ ಅವನ ಬಟ್ಟಲು ಮುಗಿದಿರಲಿಲ್ಲ.
ಗೇಣು ಹೊಟ್ಟೆಗೆ ಒಂದು ಗಂಟೆ ಹತ್ತು ನಿಮಿಷ,
ಅಷ್ಟರಲ್ಲಿ ಗಲ್ಲದ ಬಟ್ಟೆ ಉಂಡದ್ದೆಷ್ಟೋ.

"ಹೇಳಿದ್ದೆನಲ್ಲ," ಎಂದಳು ಎನಿಫಾ, ಸಿಟ್ಟೂ ಇಲ್ಲದೆ,
"ಹಗುರಾಗ್ತಿದ್ದಾನೆ ಅಂತ. ನನ್ನ ಬೆನ್ನಿಗೆ ಗೊತ್ತಾಗುತ್ತೆ.
ನೀವು ಪಟ್ಟಿ ನೋಡ್ತಿದ್ರಿ."

ಚೀಟಿ ಬರೆದುಕೊಟ್ಟೆ. ಪೊಟ್ಟಣಗಳನ್ನೂ.
ಕತ್ತು ತುಸು ಮುಂದೆ ಬಾಗಿಸಿ ಕೂರಿಸುವುದನ್ನು ತೋರಿಸಹೋದೆ,
ಅವಳು ನನಗಿಂತ ಚೆನ್ನಾಗಿ ಕೂರಿಸಿದಳು.

ರಾತ್ರಿ ಹಳೆಯ ದಾಖಲೆ ಪುಸ್ತಕಗಳನ್ನು ಇಳಿಸಿ
ಧೂಳು ಕೊಡವಿ, ಲಾಟೀನಿನ ಬೆಳಕಿನಲ್ಲಿ
ಅಡ್ಡಗೆರೆಗಳನ್ನು ಹುಡುಕಿದೆ.
ಎತ್ತರ: ಗೆರೆ. ತೂಕ: ಗೆರೆ. ತೋಳು: ಹಸಿರು.
ಎಲ್ಲ ನನ್ನದೇ ಅಕ್ಷರ, ದುಂಡಗೆ, ಅವಸರವಿಲ್ಲದೆ.
ಇಪ್ಪತ್ತಮೂರರ ತನಕ ಎಣಿಸಿದೆ.
ಕೆಲವರಿಗೆ ಐದು ತುಂಬಿ ಪುಸ್ತಕದಿಂದ ಬಿದ್ದಿದ್ದರು,
ಕೆಲವರ ಮುಂದಿನ ಪುಟವೇ ಇಲ್ಲ.

ಒಂದು ಹೆಸರಿನ ಊರು ಗುಡ್ಡದ ಆಚೆಗೆ.
ಬೆಳಗಾಗುವ ಮೊದಲೇ
ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದೆ.